ಕೊಸರಿನ ಗುಬ್ಬಿ

ಆಗಮನ ಕಾಲದ ಚಿಂತನೆ
(ಓದಿಕೊಳ್ಳಲು: ಮತ್ತಾಯ 6:25-34, ಮತ್ತಾಯ 10:29-31, ಲೂಕ 12:6-7)



ನಮ್ಮ ಗುರುಮನೆಯ ಹಿಂದೆ ಒಂದು ಸಣ್ಣ ಹಿತ್ತಿಲಿದೆ. ನಾಲ್ಕು ಬಾಳೆ, ಒಂದು ನುಗ್ಗೆ, ಒಂದು ಕರಿಬೇವು, ಬೇಲಿಗೆ ಹಬ್ಬಿದ ಅವರೆ, ಮೂಲೆಯಲ್ಲಿ ಸೇವಂತಿಗೆ. ಬಚ್ಚಲ ನೀರು ಹರಿದು ಬಾಳೆಯ ಬುಡಕ್ಕೆ ಹೋಗುವ ಕಾಲುವೆಯೊಂದಿದೆ. ನಿಮ್ಮಲ್ಲಿ ಬಹುತೇಕರ ಮನೆಯ ಹಿಂದೆಯೂ ಇಷ್ಟೇ ಇರುತ್ತದೆ. ಅಲ್ಲಿ ನೋಡುವಂಥದ್ದು ಏನಿದೆ ಎಂದು ನಾವೂ ಅಂದುಕೊಂಡಿದ್ದೆವು. ನಮಗೆ ಕಣ್ಣು ಕೊಟ್ಟವರು ಗುರುಮನೆಯಲ್ಲಿ ಅಡುಗೆ ಮಾಡುವ ಅಮ್ಮ.

ನಾಲ್ಕು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳು, ಜಪಮಾಲೆಯ ಭಕ್ತಿ ನಡೆಯುತ್ತಿದ್ದ ದಿನಗಳು. ಬೆಳಗಿನ ಪೂಜೆ ಮುಗಿಸಿ ಬಂದಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಸದ್ದು ಮಾಡಬೇಡಿ ಎಂದು ಕೈ ತೋರಿಸಿದರು. ಬಚ್ಚಲ ಕಾಲುವೆಯ ಅಂಚಿನಲ್ಲಿ ಒಂದು ಹಕ್ಕಿ. ಬೆನ್ನು ಬೂದು, ಹೊಟ್ಟೆಯ ಕೆಳಗೆ ಹಳದಿ, ದೇಹಕ್ಕಿಂತ ಉದ್ದವೆನಿಸುವ ಬಾಲ. ಒಂದು ಗಳಿಗೆಯೂ ಆ ಬಾಲ ಸುಮ್ಮನಿರದು. ಮೇಲೆ ಕೆಳಗೆ, ಮೇಲೆ ಕೆಳಗೆ. ಅದರ ಎಡಗಾಲಿನ ಬೆರಳೊಂದು ಮಡಚಿಕೊಂಡಿತ್ತು. ಸ್ವಲ್ಪ ಕುಂಟುತ್ತಿತ್ತು. ಅಮ್ಮ ಆವತ್ತೇ ಅದಕ್ಕೆ ಕುಂಟಪ್ಪ ಎಂದು ಹೆಸರಿಟ್ಟರು.

ಮುಂದಿನ ವರ್ಷ ಅದೇ ಜಪಮಾಲೆಯ ತಿಂಗಳಲ್ಲಿ ಅಮ್ಮ ಓಡಿ ಬಂದು ಹೇಳಿದರು: "ಸ್ವಾಮಿ, ನಮ್ ಕುಂಟಪ್ಪ ಬಂದವ್ನೆ!" ನಾವು ನಂಬಲಿಲ್ಲ. ಹೋಗಿ ನೋಡಿದರೆ ಅದೇ ಕಾಲುವೆ, ಅದೇ ಅಂಚು, ಅದೇ ಮಡಚಿದ ಬೆರಳು. ಮೂರನೆಯ ವರ್ಷವೂ ಬಂತು.

ಈ ಹಕ್ಕಿಗೆ ನಮ್ಮ ಹಿರಿಯರು ಇಟ್ಟ ಹೆಸರು ಕುಂಡೆಕುಸ್ಕ. ಧರ್ಮೋಪದೇಶದ ತರಗತಿಯಲ್ಲಿ ಈ ಹೆಸರು ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅದರಲ್ಲಿ ಬೂದು ಬೆನ್ನಿನ ಈ ಜಾತಿ ಚಳಿಗಾಲಕ್ಕೆ ಮಾತ್ರ ನಮ್ಮ ಕಡೆ ಬರುತ್ತದೆ. ತಮಿಳಿನವರು ವಾಲಾಟ್ಟಿ ಅನ್ನುತ್ತಾರೆ, ಮಲಯಾಳದವರು ವಾಲುಕುಲುಕ್ಕಿ ಅನ್ನುತ್ತಾರೆ. ನಮ್ಮ ಧರ್ಮಕ್ಷೇತ್ರದಲ್ಲಿ ಎಷ್ಟು ಭಾಷೆಗಳಿವೆಯೋ ಅಷ್ಟು ಹೆಸರುಗಳು. ಎಲ್ಲರೂ ಕಂಡದ್ದು ಮಾತ್ರ ಅದೇ ಕುಣಿಯುವ ಬಾಲವನ್ನು.

ಇದರ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಅಂಗೈಯಲ್ಲಿ ಹಿಡಿದ ಒಂದು ಹಿಡಿ ಅವರೆಕಾಳಿಗಿಂತ ಹಗುರ. ಬೇಸಿಗೆಯಲ್ಲಿ ಇದು ಗೂಡು ಕಟ್ಟಿ ಮರಿ ಮಾಡುವುದು ಹಿಮಾಲಯದ ತೊರೆಗಳ ಬದಿಯಲ್ಲಿ, ಅದಕ್ಕೂ ಉತ್ತರದ ಬೆಟ್ಟಸೀಮೆಗಳಲ್ಲಿ. ಅಲ್ಲಿ ಹಿಮ ಬೀಳುವ ಮುನ್ನ ಹೊರಟು, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಿ, ನಮ್ಮ ತಾಳವಾಡಿ ಸೀಮೆಯ ಒಂದು ಬಚ್ಚಲ ಕಾಲುವೆಗೆ ಬಂದು ಇಳಿಯುತ್ತದೆ. ಏಪ್ರಿಲ್ ಹೊತ್ತಿಗೆ, ಅಂದರೆ ಪುನರುತ್ಥಾನದ ಹಬ್ಬದ ಆಸುಪಾಸಿನಲ್ಲಿ, ಹೇಳದೆ ಹೊರಟುಹೋಗುತ್ತದೆ. ಕಾಲಿಗೆ ಸಣ್ಣ ಉಂಗುರ ತೊಡಿಸಿ ಅಧ್ಯಯನ ಮಾಡಿದವರು, ವಲಸೆ ಹಕ್ಕಿಗಳಲ್ಲಿ ಎಷ್ಟೋ ಹಕ್ಕಿಗಳು ವರ್ಷ ವರ್ಷವೂ ಅದೇ ಊರಿಗೆ, ಅದೇ ತೋಟಕ್ಕೆ ಮರಳುವುದನ್ನು ಕಂಡುಕೊಂಡಿದ್ದಾರೆ. ಅಮ್ಮ ಉಂಗುರವಿಲ್ಲದೆಯೇ ಕಂಡುಕೊಂಡರು.

ಒಂದನ್ನು ನೋಡಲು ಕಲಿತ ಮೇಲೆ ಉಳಿದವೂ ಕಣ್ಣಿಗೆ ಬಿದ್ದವು. ನುಗ್ಗೆಮರದಲ್ಲಿ ಎಲೆಯ ಬಣ್ಣದ, ಹೆಬ್ಬೆರಳು ಗಾತ್ರದ ಉಲಿಯಕ್ಕಿ; ಹತ್ತು ಗ್ರಾಂ ಕೂಡ ತೂಗದು, ಅದೂ ಉತ್ತರದ ಪರ್ವತಗಳಿಂದ ಬಂದದ್ದು. ಒಂದು ಬೆಳಿಗ್ಗೆ ಸೌದೆ ಒಟ್ಟಿದ ಮೂಲೆಯಲ್ಲಿ ಹಸಿರು, ನೀಲಿ, ಕೆಂಪು ಬಣ್ಣಗಳ ನವರಂಗ ಹಕ್ಕಿ ಸುಸ್ತಾಗಿ ಕೂತಿತ್ತು. ತಮಿಳಿನವರು ಇದನ್ನು ಆರುಮಣಿ ಕುರುವಿ ಅನ್ನುತ್ತಾರೆ, ಬೆಳಿಗ್ಗೆ ಸಂಜೆ ಆರರ ಹೊತ್ತಿಗೆ ಕೂಗುವುದರಿಂದ. ರಾತ್ರಿಯೆಲ್ಲ ಹಾರಿ ದಣಿದ ಇಂಥ ಹಕ್ಕಿಗಳು ಒಮ್ಮೊಮ್ಮೆ ಮನೆಯೊಳಗೇ ಬಂದುಬಿಡುತ್ತವೆ. ಅದರ ಮೇಲೊಂದು ಬುಟ್ಟಿ ಮುಚ್ಚಿ ಇಟ್ಟುಕೊಳ್ಳೋಣವೆಂದು ಮಕ್ಕಳು ಆಸೆಪಟ್ಟರು. ಅಮ್ಮ ಬಿಡಲಿಲ್ಲ. ಬೆಕ್ಕು ಬಾರದಂತೆ ಕಾದರು. ಸಂಜೆಗೆ ಅದು ಎದ್ದು ಹೋಯಿತು.

ಪ್ರಿಯರೇ, ಇಷ್ಟು ಹೊತ್ತು ಹಕ್ಕಿಗಳ ಕತೆ ಹೇಳಿದ್ದಕ್ಕೆ ಕಾರಣವಿದೆ. ಆಕಾಶದ ಪಕ್ಷಿಗಳನ್ನು ನೋಡಿ ಎಂದು ನಮಗೆ ಅಪ್ಪಣೆ ಕೊಟ್ಟವರು ಪ್ರಭುಯೇಸುವೇ. ಬೆಟ್ಟದ ಮೇಲಿನ ಆ ಪ್ರಬೋಧನೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಆದರೆ ಕೇಳಿಸಿಕೊಂಡ ಮೇಲೆ ನಮ್ಮಲ್ಲಿ ಎಷ್ಟು ಮಂದಿ ಹೊರಗೆ ಹೋಗಿ ನಿಜವಾಗಿ ಒಂದು ಹಕ್ಕಿಯನ್ನು ನೋಡಿದ್ದೇವೆ? ಅದು ಬರೀ ಮಾತಿನ ಅಲಂಕಾರವೆಂದು ತಿಳಿದು, ಚಿಂತೆ ಮಾಡಬೇಡಿ ಎಂಬ ಭಾಗಕ್ಕೆ ನೇರವಾಗಿ ಹಾರಿಬಿಡುತ್ತೇವೆ. ಹಾಗೆ ಹಾರಿದವರಿಗೆ ಆ ಮಾತು ದಕ್ಕುವುದಿಲ್ಲ. ಶುಭಸಂದೇಶವನ್ನು ಮೊದಲು ಬರೆದ ಗ್ರೀಕ್ ಭಾಷೆಯಲ್ಲಿ, ಹಕ್ಕಿಗಳ ವಿಷಯದಲ್ಲಿ ಬಳಸಿರುವ ಪದ ದಿಟ್ಟಿಸಿ ನೋಡುವುದಕ್ಕೆ ಸೇರಿದ್ದು. ಹೊಲದ ಹೂಗಳ ವಿಷಯದಲ್ಲಿ ಬಳಸಿರುವ ಪದ ಚೆನ್ನಾಗಿ ಕಲಿತುಕೊಳ್ಳುವುದಕ್ಕೆ ಸೇರಿದ್ದು. ಯೇಸುಸ್ವಾಮಿ ನಮಗೆ ಒಂದು ಪಾಠ ಕೊಟ್ಟಿದ್ದಾರೆ. ನಾವು ಅದನ್ನು ಮಾಡದೆ ಉತ್ತರ ಮಾತ್ರ ಬಾಯಿಪಾಠ ಮಾಡಿದ್ದೇವೆ.

ಆ ದಿನ ಅವರ ಸುತ್ತ ಕೂತಿದ್ದವರು ಯಾರು? ಬಿತ್ತುವವರು, ಬಲೆ ಹಾಕುವವರು, ದಿನಗೂಲಿಯವರು. ನಮ್ಮಂಥವರು. ರಾತ್ರಿ ಆನೆ ಬಂದು ಬಾಳೆ ತುಳಿದು ಹೋದರೆ ಬೆಳಿಗ್ಗೆ ಯಾರ ಮುಂದೆ ಅಳುವುದು? ಕೋಸಿನ ಬೆಲೆ ಬಿದ್ದರೆ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಓದಿದ ಮಗ ತಿರುಪ್ಪೂರಿಗೆ ಹೋಗಿದ್ದಾನೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ಫೋನು ಬಾರದ ರಾತ್ರಿ ನಿದ್ದೆ ಬಾರದು. ಇಂಥವರಿಗೆ ಚಿಂತಿಸಬೇಡಿ ಎಂದು ಸುಮ್ಮನೆ ಹೇಳಿದರೆ ಅದು ಗಾಯದ ಮೇಲೆ ಉಪ್ಪು. ಯೇಸುಸ್ವಾಮಿ ಹಾಗೆ ಹೇಳಲಿಲ್ಲ. ಮೊದಲು ನೋಡಿ ಅಂದರು.

ನೋಡಿದರೆ ಏನು ಕಾಣುತ್ತದೆ? ಕುಂಡೆಕುಸ್ಕ ಸೋಮಾರಿಯಲ್ಲ. ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಅದು ಕಾಲುವೆಯ ಅಂಚಿನಲ್ಲಿ ದುಡಿಯುತ್ತದೆ. ಒಂದು ಹುಳು, ಒಂದು ನೊಣ, ಒಂದು ಸೊಳ್ಳೆ. ದೇವರು ಅದರ ಬಾಯಿಗೆ ತಂದು ತುರುಕುವುದಿಲ್ಲ. ಆದರೆ ಅದು ಇಂದಿನ ಹುಳುವನ್ನು ಇಂದು ಹುಡುಕುತ್ತದೆ. ನಾಳೆಯ ಕಾಲುವೆ ಒಣಗಿದರೆ ಎಂಬ ಭಯದಲ್ಲಿ ಇವತ್ತು ಹಸಿದು ಕೂರುವುದಿಲ್ಲ. ದುಡಿಮೆ ಬೇರೆ, ಚಿಂತೆ ಬೇರೆ. ಸ್ವಾಮಿ ಬಿಡಿಸಲು ಬಂದದ್ದು ಚಿಂತೆಯಿಂದ, ದುಡಿಮೆಯಿಂದಲ್ಲ.

ಈಗ ಆಗಮನ ಕಾಲ. ಮೊದಲ ಭಾನುವಾರದ ಶುಭಸಂದೇಶ ಪ್ರತಿವರ್ಷವೂ ನಮ್ಮನ್ನು ಎಚ್ಚರವಾಗಿರಿ, ಕಾದಿರಿ ಎಂದು ಕರೆಯುತ್ತದೆ. ಕಾಯುವುದು ಹೇಗೆಂದು ನಮಗೆ ಕಲಿಸಿದ್ದು ಅಡುಗೆಮನೆಯ ಆ ಬಾಗಿಲು. ಅಲ್ಲಿ ಮೂರು ವಿಷಯ ಕಲಿತೆವು. ಮೊದಲನೆಯದು, ಸುಮ್ಮನಿರಬೇಕು, ಮಾತಾಡುತ್ತ, ಫೋನು ನೋಡುತ್ತ ನಿಂತವನ ಮುಂದೆ ಹಕ್ಕಿ ಇಳಿಯುವುದಿಲ್ಲ. ಎರಡನೆಯದು, ದಿನವೂ ಬರಬೇಕು. ಹಬ್ಬಕ್ಕೊಮ್ಮೆ ಬಂದು ಹಕ್ಕಿಯೇ ಇಲ್ಲವೆಂದು ದೂರಬಾರದು. ಮೂರನೆಯದು, ಹಿಡಿಯಬಾರದು. ನವರಂಗವನ್ನು ಬುಟ್ಟಿಯಲ್ಲಿ ಮುಚ್ಚಿದ್ದರೆ ಅದು ನಮ್ಮದಾಗುತ್ತಿತ್ತೇ? ಸಾಯುತ್ತಿತ್ತು. ಪ್ರಾರ್ಥನೆಯೂ ಹೀಗೆಯೇ ಅಲ್ಲವೇ? ಮೌನ, ನಿಯಮ, ಮತ್ತು ದೇವರನ್ನು ನಮ್ಮ ಮುಷ್ಟಿಯಲ್ಲಿ ಇಟ್ಟುಕೊಳ್ಳದಿರುವ ವಿನಯ.

ಹಕ್ಕಿಗಳ ವಿಷಯದಲ್ಲಿ ನಮ್ಮ ದೇಶಕ್ಕೆ ಕಣ್ಣು ತೆರೆಸಿದ ಸಲೀಂ ಅಲಿಯವರು ಹುಡುಗರಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದು ಉರುಳಿಸಿದ್ದರು. ಕೈಗೆತ್ತಿಕೊಂಡು ನೋಡಿದರೆ ಅದರ ಗಂಟಲ ಮೇಲೆ ಹಳದಿ ಗುರುತು. ಇದು ಯಾವ ಗುಬ್ಬಿ ಎಂದು ಕೇಳಿಕೊಂಡು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಆ ಹುಡುಗ ಜೀವನವಿಡೀ ಹಕ್ಕಿಗಳನ್ನು ನೋಡುತ್ತಲೇ ಉಳಿದರು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರೇ 'ದ ಫಾಲ್ ಆಫ್ ಎ ಸ್ಪ್ಯಾರೋ', ಅಂದರೆ ಒಂದು ಗುಬ್ಬಿಯ ಬೀಳುವಿಕೆ. ಆ ಮಾತಿನ ಬೇರು ಮತ್ತಾಯನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿದೆ. ಕ್ಯಾಟರ್‌ಬಿಲ್ಲು ಹಿಡಿದು ತಿರುಗುವ ನಮ್ಮ ಹುಡುಗರನ್ನು ಬರೀ ಗದರಿಸದೆ ಈ ಕತೆಯನ್ನೂ ಹೇಳಿ. ಹೊಡೆದ ಕೈಯೇ ನೋಡುವ ಕಣ್ಣಾಗಬಹುದು.

ಆ 10ನೆಯ ಅಧ್ಯಾಯಕ್ಕೇ ಬರೋಣ. ಅದರ ಜೊತೆಗೆ ಲೂಕನ 12ನೆಯ ಅಧ್ಯಾಯವನ್ನೂ ಇಟ್ಟುಕೊಂಡು ಓದಿ. ಎರಡರಲ್ಲೂ ಗುಬ್ಬಿಗಳ ಬೆಲೆ ಹೇಳಿದೆ. ಆ ಕಾಲದ ಪೇಟೆಯಲ್ಲಿ ಗುಬ್ಬಿ ಬಡವರ ಮಾಂಸ. ಮತ್ತಾಯನಲ್ಲಿ ಒಂದು ಸಣ್ಣ ಕಾಸಿಗೆ ಎರಡು ಗುಬ್ಬಿ. ಆ ಕಾಸೆಂದರೆ ಒಂದು ದಿನದ ಕೂಲಿಯ ಹದಿನಾರನೆಯ ಒಂದು ಪಾಲು. ಲೂಕನಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಲೆಕ್ಕ ಗಮನಿಸಿದಿರಾ? ಒಂದು ಕಾಸಿಗೆ ಎರಡಾದರೆ ಎರಡು ಕಾಸಿಗೆ ನಾಲ್ಕಾಗಬೇಕು. ಐದನೆಯದು ಎಲ್ಲಿಂದ ಬಂತು?

ಸಂತೆಗೆ ಹೋಗುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಕೊಸರು. ಎರಡು ಕಾಸಿನ ಗಿರಾಕಿಗೆ ಮಾರುವವನು ಮೇಲೊಂದನ್ನು ಕೊಸರು ಎಸೆದ. ತಕ್ಕಡಿಯಲ್ಲಿ ಅದಕ್ಕೆ ಜಾಗವಿಲ್ಲ, ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಸ್ವಾಮಿ ಹೇಳುವುದು ಈ ಐದನ್ನೂ ಸೇರಿಸಿಯೇ: ಇವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ. ಪೇಟೆ ಸೊನ್ನೆ ಎಂದು ಎಣಿಸಿದ್ದನ್ನು ತಂದೆ ಒಂದು ಎಂದು ಎಣಿಸುತ್ತಾರೆ.

ಈ ಮಾತು ನಮ್ಮ ಕಿವಿಗೆ ಸಿಹಿ. ಏಕೆಂದರೆ ಕೊಸರಾಗಿ ಬದುಕುವುದು ಏನೆಂದು ನಮಗೆ ಗೊತ್ತು. 1956ರಲ್ಲಿ ರಾಜ್ಯಗಳ ಗಡಿ ಗುರುತಿಸುವಾಗ ನಾವು ಮನೆಮಠ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಗೆರೆ ನಮ್ಮ ಊರಿನ ಆಚೆ ಬದಿಗೆ ಬಿತ್ತು. ಅಲ್ಲಿಯವರಿಗೆ ನಾವು ತಮಿಳುನಾಡಿನವರು, ಇಲ್ಲಿಯವರಿಗೆ ಕನ್ನಡದವರು. ಕನ್ನಡದವರ ನಡುವೆ ಕ್ರೈಸ್ತರು, ಕ್ರೈಸ್ತರ ನಡುವೆ ಕನ್ನಡದವರು. ದೊಡ್ಡ ಹಬ್ಬಗಳಲ್ಲಿ ನಮ್ಮ ಭಾಷೆಗೆ ಸಿಗುವುದು ಒಂದು ವಾಚನ, ಒಂದು ಗೀತೆ; ಅದೂ ಹೊತ್ತಿದ್ದರೆ. ಇದರ ಬಗ್ಗೆ ನಾವು ಬೇಸರಪಟ್ಟಿದ್ದೇವೆ, ಸಭೆಗಳಲ್ಲಿ ಮಾತಾಡಿದ್ದೇವೆ, ಅರ್ಜಿ ಬರೆದಿದ್ದೇವೆ. ಅದು ತಪ್ಪಲ್ಲ. ತಾಯಿನುಡಿಯಲ್ಲಿ ದೇವರನ್ನು ಕರೆಯುವ ಆಸೆ ನ್ಯಾಯವಾದದ್ದು.

ಆದರೆ ಹೋದ ಚಳಿಗಾಲ ನಡೆದ ಒಂದು ಸಂಗತಿಯನ್ನು ಈ ಪುಟದಲ್ಲಿ ಒಪ್ಪಿಕೊಳ್ಳದೆ ಮುಂದೆ ಹೋಗಲಾರೆವು.

ಆಗಮನ ಕಾಲದ ಎರಡನೆಯ ಭಾನುವಾರದಿಂದ ಒಂದು ಕುಟುಂಬ ನಮ್ಮ ಕನ್ನಡ ಪೂಜೆಗೆ ಬರತೊಡಗಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಝಾರ್ಖಂಡಿನ ಕಡೆಯವರು, ಯಾವುದೋ ತೋಟದ ಕೆಲಸಕ್ಕೆ ಬಂದವರು ಎಂದು ಯಾರೋ ಅಂದರು. ಚಪ್ಪಲಿ ಬಿಡುವ ಜಾಗದ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ನಮ್ಮ ಭಾಷೆ ಅವರಿಗೆ ಬಾರದು, ಅವರ ಭಾಷೆ ನಮಗೆ ಬಾರದು. ಏಳುವಾಗ ಎದ್ದರು, ಮೊಣಕಾಲೂರುವಾಗ ಊರಿದರು, ಪರಮಪ್ರಸಾದಕ್ಕೆ ಕೊನೆಯಲ್ಲಿ ಬಂದರು, ಕೊನೆಯ ಗೀತೆ ಮುಗಿಯುವ ಮುನ್ನ ಹೊರಟರು. ಹೀಗೆ ಒಂಬತ್ತು ಭಾನುವಾರ. ಕ್ರಿಸ್ತಜಯಂತಿಯ ರಾತ್ರಿಯೂ ಇದ್ದರು. ಚಿಕ್ಕ ಹುಡುಗಿ ಗೋದಲಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾವು ನೋಡಿ ಮುಗುಳ್ನಕ್ಕೆವು. ಕೇಕಿನ ತಟ್ಟೆ ಅವರ ತನಕ ಹೋಯಿತೋ ಇಲ್ಲವೋ, ಇವತ್ತಿಗೂ ತಿಳಿಯದು. ತಪಸ್ಸು ಕಾಲ ಆರಂಭವಾಗುವ ಹೊತ್ತಿಗೆ ಅವರ ಬೆಂಚು ಖಾಲಿಯಾಗಿತ್ತು. ಅದನ್ನು ಕೂಡ ನಾವು ಗಮನಿಸಲಿಲ್ಲ.

ಗಮನಿಸಿದ್ದು ಒಂದು ಫೋನು ಬಂದಾಗ. ಆ ಕಡೆಯ ಒಂದು ಧರ್ಮಕೇಂದ್ರದ ಗುರುಗಳು ಯಾರಿಂದಲೋ ನಮ್ಮ ನಂಬರು ಪಡೆದು ಕರೆ ಮಾಡಿದ್ದರು. ಅಲ್ಲಿಯ ಒಬ್ಬ ಮುದುಕಿಯ ಮಗ ಹೆಂಡತಿ ಮಕ್ಕಳೊಂದಿಗೆ ನಮ್ಮ ಕಡೆ ಕೆಲಸಕ್ಕೆ ಬಂದಿದ್ದನಂತೆ. ಮೂರು ವಾರದಿಂದ ಅವನ ಫೋನು ಸತ್ತಿದೆಯಂತೆ. ಅಲ್ಲಿ ಒಂದು ಚರ್ಚಿದೆ, ಪ್ರತಿ ಭಾನುವಾರ ಹೋಗುತ್ತೇವೆ ಎಂದು ಅವನು ತಾಯಿಗೆ ಹೇಳಿದ್ದನಂತೆ. ಗುರುಗಳು ಹೆಸರು ಹೇಳಿ ಕೇಳಿದರು: ಇವರು ನಿಮಗೆ ಗೊತ್ತೇ?

ಪ್ರಿಯರೇ, ನಮ್ಮಲ್ಲಿ ಉತ್ತರವಿರಲಿಲ್ಲ. ಒಂಬತ್ತು ಭಾನುವಾರ ನೋಡಿದ್ದೆವು, ಒಬ್ಬರ ಹೆಸರೂ ಕೇಳಿರಲಿಲ್ಲ. ಆ ಹೆಸರಿನವರು ಇವರೇ ಹೌದೋ ಅಲ್ಲವೋ ಎಂದು ಹೇಳಲೂ ಆಗಲಿಲ್ಲ. ಎಲ್ಲಿ ಉಳಿದಿದ್ದರು, ಯಾರ ತೋಟದಲ್ಲಿ ದುಡಿಯುತ್ತಿದ್ದರು, ಎಲ್ಲಿಗೆ ಹೋದರು, ಯಾವುದೂ ಗೊತ್ತಿಲ್ಲ. ಅದೇ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಿನಿಂದ ಅಮ್ಮನ ದನಿ ಕೇಳಿಸುತ್ತಿತ್ತು. ಕುಂಟಪ್ಪ ಇವತ್ತು ಬೆಳಿಗ್ಗೆಯಿಂದ ಕಾಲುವೆಗೆ ಬಂದಿಲ್ಲವೆಂದು ಯಾರಿಗೋ ಹೇಳುತ್ತಿದ್ದರು. ಹಿತ್ತಿಲಿಗೆ ಬಂದ ಹಕ್ಕಿಯ ಯಾವ ಕಾಲಿನ ಯಾವ ಬೆರಳು ಮಡಚಿದೆ ಎಂಬುದು ಗುರುಮನೆಯಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಕ್ರಿಸ್ತನ ಪೀಠದ ಮುಂದೆ ಮೊಣಕಾಲೂರಿದ ಸಹೋದರನ ಹೆಸರು ಗೊತ್ತಿರಲಿಲ್ಲ.

ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿದೆವು. ಹತ್ತು ದಿನಗಳ ಬಳಿಕ ಆ ಗುರುಗಳೇ ಮತ್ತೆ ಫೋನು ಮಾಡಿ, ದಿಂಬಂ ಘಟ್ಟದ ಕೆಳಗೆ ಬೇರೆ ಕೆಲಸಕ್ಕೆ ಹೋಗಿದ್ದಾರೆ, ಕ್ಷೇಮವಾಗಿದ್ದಾರೆ, ಕಳೆದದ್ದು ಫೋನು ಮಾತ್ರ ಎಂದು ತಿಳಿಸಿದರು. ದೇವರಿಗೆ ಸ್ತೋತ್ರ. ಆದರೆ ಕ್ಷೇಮವಾಗಿದ್ದಾರೆ ಎಂಬುದರಿಂದ ನಮ್ಮ ತಪ್ಪು ಚಿಕ್ಕದಾಗುವುದಿಲ್ಲ. ಜಗತ್ತು ನಮ್ಮನ್ನು ಕೊಸರೆಂದು ಎಣಿಸುತ್ತದೆ ಎಂದು ನೊಂದುಕೊಳ್ಳುತ್ತ, ನಮ್ಮದೇ ಬೆಂಚಿನಲ್ಲಿ ಕೂತವರನ್ನು ನಾವು ಕೊಸರಾಗಿಸಿದ್ದೆವು. ಇದನ್ನು ಗುರುಮನೆಯಲ್ಲಿರುವ ನಾವು ಮೊದಲು ಒಪ್ಪಿಕೊಳ್ಳುತ್ತೇವೆ. ನಿಮ್ಮನ್ನು ದೂರಲು ಬರೆದದ್ದಲ್ಲ.

ಭಾಷೆ ಬಾರದು ಎಂಬುದು ನೆಪ. ಹಕ್ಕಿಯ ಭಾಷೆ ನಮಗೆ ಬರುತ್ತದೆಯೇ? ಅವರ ಊರ ಕಡೆ ಕ್ರೈಸ್ತರು ಪರಸ್ಪರ ಕಂಡಾಗ ಹೇಳುವುದು ಎರಡೇ ಪದ: "ಜೈ ಯೇಸು". ಇದಕ್ಕೆ ಯಾವ ತರ್ಜುಮೆ ಬೇಕು? ನಮ್ಮ ಮಕ್ಕಳು ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಯಾವುದೋ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿರುತ್ತಾರಲ್ಲ, ಅಲ್ಲಿ ಯಾರಾದರೂ ತಿರುಗಿ ನೋಡಿ ಹೆಸರು ಕೇಳಲಿ ಎಂದು ನಾವು ಆಸೆಪಡುವುದಿಲ್ಲವೇ?

ಇನ್ನೊಂದು ಮಾತು. ಈ ವರ್ಷ ಜಪಮಾಲೆಯ ತಿಂಗಳು ಮುಗಿಯಿತು, ಮೃತರ ತಿಂಗಳು ಕಳೆಯಿತು, ಕುಂಟಪ್ಪ ಬರಲಿಲ್ಲ. ಅಮ್ಮ ದಿನವೂ ಬಾಗಿಲಲ್ಲಿ ನಿಂತರು. ಇಷ್ಟು ಚಿಕ್ಕ ಹಕ್ಕಿಗಳ ಆಯುಸ್ಸು ಹೆಚ್ಚಲ್ಲ. ದಾರಿಯಲ್ಲಿ ಬಿರುಗಾಳಿ, ಗಿಡುಗ, ಬೆಕ್ಕು, ವಿಷ ಹೊಡೆದ ಹೊಲ, ಏನೆಲ್ಲ ಇವೆ. ಅಮ್ಮ ಒಂದು ದಿನ ಕೇಳಿಯೇಬಿಟ್ಟರು: "ಒಂದು ಗುಬ್ಬಿನೂ ದೇವ್ರು ಮರೆಯಲ್ಲ ಅಂತೀರಲ್ಲ ಸ್ವಾಮಿ, ಮತ್ತೆ ಇವನ್ಯಾಕೆ ಬರ್ನಿಲ್ಲ?"

ಈ ಪ್ರಶ್ನೆಗೆ ಬಾಯಿಗೆ ಬಂದ ಸಮಾಧಾನ ಹೇಳಬಾರದು. ಶುಭಸಂದೇಶವನ್ನು ಮತ್ತೆ ಓದಿ ನೋಡಿ. ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲ ಎಂದು ಯೇಸುಸ್ವಾಮಿ ಹೇಳಲಿಲ್ಲ. ತಂದೆಯನ್ನು ಬಿಟ್ಟು, ತಂದೆಗೆ ತಿಳಿಯದೆ ಅದು ಬೀಳುವುದಿಲ್ಲ ಎಂದರು. ಬೀಳುವ ಜಾಗದಲ್ಲಿಯೂ ಅದು ಒಂಟಿಯಲ್ಲ. ಈ ಮಾತನ್ನು ಹೇಳಿದವರು ತಾವೇ ಶಿಲುಬೆಯ ಮೇಲೆ ಬೀಳಲಿದ್ದವರು. ಸಾಯುವಾಗಲೂ ತಂದೆಯ ಕೈಗೇ ತಮ್ಮನ್ನು ಒಪ್ಪಿಸಿಕೊಂಡವರು. ಕಣ್ಮರೆಯಾದ ಮಗ, ಹುಟ್ಟುವ ಮುನ್ನವೇ ಹೋದ ಕೂಸು, ಪರ ಊರಿನಲ್ಲಿ ತೀರಿಕೊಂಡ ಗಂಡ, ಇಂಥ ನೋವು ಹೊತ್ತ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿವೆ. ಅವರಿಗೆ ನಾವು ಕೊಡಬಹುದಾದ ನೆಮ್ಮದಿ ಇದೊಂದೇ: ನೀವು ಎಣಿಸಲಾಗದ ಜಾಗದಲ್ಲಿ ಎಣಿಸುವವರೊಬ್ಬರಿದ್ದಾರೆ. ನಮ್ಮ ಪುಸ್ತಕದಲ್ಲಿ ಇಲ್ಲದ ಹೆಸರು ಅವರ ಪುಸ್ತಕದಲ್ಲಿದೆ.

ಕ್ರಿಸ್ತಜಯಂತಿಯೂ ಹಾಗೆ ಎಣಿಕೆಯ ಕತೆಯೇ. ಸಾಮ್ರಾಟ ಜನಗಣತಿಗೆ ಅಪ್ಪಣೆ ಮಾಡಿದ. ಎಣಿಸಿಕೊಳ್ಳಲು ಹೋದ ಕುಟುಂಬಕ್ಕೆ ಛತ್ರದಲ್ಲಿ ಜಾಗ ಸಿಗಲಿಲ್ಲ. ನಲವತ್ತು ದಿನಗಳ ಬಳಿಕ ಆ ಕೂಸನ್ನು ದೇವಾಲಯದಲ್ಲಿ ಅರ್ಪಿಸುವಾಗ ಕುರಿಮರಿ ಕೊಳ್ಳಲು ಕಾಸಿಲ್ಲದೆ, ಬಡವರಿಗೆಂದು ಧರ್ಮಶಾಸ್ತ್ರ ಹೇಳಿದ್ದ ಜೋಡಿ ಹಕ್ಕಿಗಳ ಕಾಣಿಕೆಯನ್ನೇ ಮರಿಯಮ್ಮ ಮತ್ತು ಜೋಸೆಫರು ಕೊಟ್ಟರು. ಗುಬ್ಬಿಯ ಬೆಲೆ ಪ್ರಭುವಿಗೆ ಗೊತ್ತಿದ್ದುದು ಆಶ್ಚರ್ಯವಲ್ಲ. ಅದು ಅವರ ಮನೆಯ ಲೆಕ್ಕ. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಸಜೀವವಾಗಿ ಏರ್ಪಡಿಸಿದ ಸಂತ ಫ್ರಾನ್ಸಿಸರು ಹಕ್ಕಿಗಳಿಗೂ ಪ್ರಬೋಧಿಸಿದರೆಂದು ಹೇಳುತ್ತಾರೆ. ಅವರ ಹೆಸರನ್ನೇ ಧರಿಸಿದ ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೇ ಕೇಳಬೇಕೆಂದು ತಿಳಿಸಿದರು. ನಮ್ಮ ಹಿತ್ತಿಲು ಮತ್ತು ನಮ್ಮ ಕೊನೆಯ ಬೆಂಚು ಆ ಎರಡು ಅಳಲುಗಳೇ.

ಆದುದರಿಂದ ಈ ಆಗಮನ ಕಾಲಕ್ಕೆ ನಾವೆಲ್ಲ ಸೇರಿ ಎರಡು ಕೆಲಸ ಮಾಡೋಣ.

ಹಿತ್ತಿಲಿನ ಕೆಲಸ: ಅಗಲವಾದ, ಆಳವಿಲ್ಲದ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನವೂ ಬದಲಿಸಿ, ಬೆಕ್ಕು ಹೊಂಚುವ ಪೊದೆಯಿಂದ ದೂರವಿಡಿ. ಮರದ ಕೆಳಗಿನ ಒಣಗಿದೆಲೆಯನ್ನೆಲ್ಲ ಗುಡಿಸಿ ಸುಡಬೇಡಿ. ಚಳಿಗಾಲದ ಅತಿಥಿಗಳಲ್ಲಿ ಅನೇಕಕ್ಕೆ ಅದರಡಿಯ ಹುಳುವೇ ಊಟ, ಅಕ್ಕಿಯಲ್ಲ. ಮನೆಗೆ ಬೇಕಾದ ನಾಲ್ಕು ಸೊಪ್ಪಿಗೆ ವಿಷ ಸಿಂಪಡಿಸಬೇಡಿ. ದಿನಕ್ಕೆ ಹತ್ತು ನಿಮಿಷ ಮಕ್ಕಳೊಡನೆ ಸುಮ್ಮನೆ ಕೂತು ನೋಡಿ, ಬಂದ ಹಕ್ಕಿಯ ಹೆಸರನ್ನು ನಿಮಗೆ ಬರುವ ಭಾಷೆಯಲ್ಲಿ ಬರೆದಿಡಿ. ಕ್ರಿಸ್ತಜಯಂತಿಯ ದಿನ ಆ ಪಟ್ಟಿಗಳನ್ನು ಗೋದಲಿಯ ಬಳಿ ಇಡೋಣ.

ಬೆಂಚಿನ ಕೆಲಸ: ಪೂಜೆ ಮುಗಿದ ಕೂಡಲೇ ಗೇಟಿನತ್ತ ಧಾವಿಸಬೇಡಿ. ಗೊತ್ತಿಲ್ಲದ ಒಂದು ಮುಖವನ್ನು ಹುಡುಕಿ. ಜೈ ಯೇಸು ಎನ್ನಿ, ಸ್ತೋತ್ರ ಎನ್ನಿ, ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ. ಗುರುಮನೆಯಲ್ಲಿ ಒಂದು ಹೊಸ ಪುಸ್ತಕ ಇಟ್ಟಿದ್ದೇವೆ. ಕೆಲಸಕ್ಕೆಂದು ಬಂದು ಹೋಗುವವರ ಹೆಸರು, ಊರು, ಅವರ ಕಡೆಯವರ ಒಂದು ಫೋನ್ ನಂಬರು, ಅವರು ಒಪ್ಪಿದರೆ, ಅದರಲ್ಲಿ ಬರೆದುಕೊಳ್ಳುತ್ತೇವೆ. ಇನ್ನೊಬ್ಬ ತಾಯಿ ಕೇಳಿದಾಗ ನಮ್ಮಲ್ಲಿ ಉತ್ತರವಿರಬೇಕು.

ಕಳೆದ ವಾರ ಬಚ್ಚಲ ಕಾಲುವೆಗೆ ಒಂದು ಬೂದು ಕುಂಡೆಕುಸ್ಕ ಬಂದಿಳಿಯಿತು. ಅಮ್ಮ ಬಹಳ ಹೊತ್ತು ಅದರ ಕಾಲನ್ನೇ ನೋಡಿದರು. ಎರಡೂ ಕಾಲು ಸರಿಯಾಗಿದ್ದವು. "ಇದು ಬೇರೆ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಇರ್ಲಿ, ಇದೂ ಬಂದದಲ್ಲ," ಎಂದು ಕಾಲುವೆಗೆ ಅಡ್ಡಬಿದ್ದಿದ್ದ ಬಾಳೆಯ ಸೋಗೆಯನ್ನು ಎಳೆದು ಪಕ್ಕಕ್ಕೆ ಹಾಕಿದರು. ಅದೇ ಭಾನುವಾರ ಕೊನೆಯ ಬೆಂಚಿನಲ್ಲಿ ಇಬ್ಬರು ಹೊಸ ಹುಡುಗರು ಕೂತಿದ್ದರು. ಪೂಜೆ ಮುಗಿಯುತ್ತಲೇ ನಾವು ಪೀಠದಿಂದ ಇಳಿದು ಬರುವಷ್ಟರಲ್ಲಿ ಅಮ್ಮ ಅಲ್ಲಿ ಮುಂಚೆಯೇ ತಲುಪಿ ಅವರ ಹೆಸರು ಕೇಳುತ್ತಿದ್ದರು.

ಪ್ರಾರ್ಥಿಸೋಣ:

ಸ್ವರ್ಗದಲ್ಲಿರುವ ತಂದೆಯೇ, ಪೇಟೆಯಲ್ಲಿ ಬೆಲೆಯಿಲ್ಲದ ಗುಬ್ಬಿಯನ್ನೂ ನೀವು ನೆನಪಿನಲ್ಲಿ ಇಟ್ಟುಕೊಂಡಿದ್ದೀರಿ. ದೂರದ ಪರ್ವತಗಳಿಂದ ಸಣ್ಣ ರೆಕ್ಕೆಗಳನ್ನು ನಮ್ಮ ಹಿತ್ತಿಲಿಗೆ ಕರೆತರುವ ನೀವು, ದೂರದ ಊರುಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನು ಕಾಯಿರಿ. ನಮ್ಮ ನಡುವೆ ಬಂದವರನ್ನು ಹೆಸರಿಡಿದು ಕರೆಯುವ ಬಾಯಿ, ಬಾರದ ದಿನ ಹುಡುಕುವ ಕಾಲು ನಮಗೆ ಕೊಡಿರಿ. ಛತ್ರದಲ್ಲಿ ಜಾಗವಿಲ್ಲದೆ ಹುಟ್ಟಿದ ನಿಮ್ಮ ಪುತ್ರನು ಈ ಚಳಿಗಾಲ ಯಾವ ಮುಖ ತೊಟ್ಟು ಬಂದರೂ ನಾವು ಗುರುತಿಸುವಂತಾಗಲಿ. ಅದೇ ನಮ್ಮ ಪ್ರಭು ಕ್ರಿಸ್ತರ ಮೂಲಕ. ಆಮೆನ್.